ಔಟ್‌ಬೋರ್ಡ್ ಎಂಜಿನ್ ಒಳಗೆ ಬಿಳಿ ಪದರ ಕಟ್ಟಿದೆ, ನೀರು ಬಿಟ್ಟರೂ ಹೋಗುತ್ತಿಲ್ಲ

ಪಂಪ್‌ಸೆಟ್_ಮಂಡ್ಯ:
ನಾನು ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಮಲ್ಪೆಯಲ್ಲಿರುವ ನಮ್ಮ ಭಾವ ತಮ್ಮ ನಾಡದೋಣಿಯ ಹಿಂದೆ ಸಿಕ್ಕಿಸುವ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನನ್ನು ಪಿಕಪ್‌ನಲ್ಲಿ ಹಾಕಿ ಕಳಿಸಿದ್ದಾರೆ. ಬೇಗ ಬಿಸಿಯಾಗುತ್ತದಂತೆ. ಕೂಲಿಂಗ್ ನೀರು ಚಿಮ್ಮುವ ತೂತಿನಿಂದ ಕಡ್ಡಿಯಷ್ಟು ಸಣ್ಣಗೆ ಬರುತ್ತಿದೆ. ನೀರೆಳೆಯುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಬದಲಾಯಿಸಿದೆ, ಅದು ನನಗೆ ದಿನಾ ಮಾಡುವ ಕೆಲಸ. ಆದರೂ ಅಷ್ಟೇ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ವಾಲ್ವ್) ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಸುಣ್ಣ ಬಳಿದ ಹಾಗಿದೆ. ನೀರು ಬಿಟ್ಟರೆ ಹೋಗಲ್ಲ. ಕೆರೆಯಲು ಭಯ, ಅಲ್ಯೂಮಿನಿಯಂ ಅಲ್ವಾ? ಭಾವನ ಮನೆ ನಡೆಯುವುದೇ ಈ ಎಂಜಿನ್ ಮೇಲೆ. ದಯವಿಟ್ಟು ತಿಳಿದವರು ಹೇಳಿ.

ಕಡಲಿಂದ_ಮೈಸೂರಿಗೆ:
ಕೆರೆಯಲೇಬೇಡಿ ಅಣ್ಣ. ಮೈಸೂರಿಗೆ ಬರುವ ಮುಂಚೆ ಎಂಟು ವರ್ಷ ಮಲ್ಪೆ ಬಂದರಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ಅದು ಬರೀ ಉಪ್ಪಲ್ಲ, ಉಪ್ಪಾಗಿದ್ದರೆ ಸಿಹಿನೀರಿಗೆ ಕರಗುತ್ತಿತ್ತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಜೊತೆಗೆ ಕ್ಯಾಲ್ಸಿಯಂ. ಎಂಜಿನ್ ಬಿಸಿಗೆ ಕ್ಯಾಲ್ಸಿಯಂ ಗಟ್ಟಿಯಾಗಿ ಅಂಟುತ್ತದೆ. ಗೀಸರ್ ಕಾಯಿಲ್‌ಗೆ ಕಟ್ಟುವುದೂ ಅದೇ.

ಥರ್ಮೋಸ್ಟಾಟ್ ತೆಗೆದಿಡಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಕೂಲರ್ ಪಂಪ್ ಒಂದು ನಿಮ್ಮ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಅದರಿಂದ ಫ್ಲಶ್ ಹೋಸ್ ಸಿಕ್ಕಿಸುವ ಕಡೆ ಅರ್ಧ ಗಂಟೆ ಸುತ್ತಿಸಿ, ಆಮೇಲೆ ಸಿಹಿನೀರಲ್ಲಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ. ಟಾಯ್ಲೆಟ್ ಆಸಿಡ್ ಅಂತೂ ಬೇಡವೇ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಭಾವನಿಗೂ ಹೇಳಿ. ದಡಕ್ಕೆ ಬಂದ ದಿನವೇ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿಗೆ ಇಳಿಸಬೇಕು. ನೀರೆಳೆಯುವ ಜಾಲರಿ ಪೂರ್ತಿ ಮುಳುಗಿರಲಿ. ಆಮೇಲೆ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಧಾನಕ್ಕೆ ಓಡಿಸಲಿ. ಎಂಜಿನ್ ಬಿಸಿಯಾಗದಿದ್ದರೆ ಥರ್ಮೋಸ್ಟಾಟ್ ತೆರೆಯಲ್ಲ, ಒಳಗಿನ ದಾರಿಗಳೆಲ್ಲ ತೊಳೆಯಲ್ಲ. ನೀರಿಲ್ಲದೆ ಸ್ಟಾರ್ಟ್ ಮಾಡಿದರೆ ಹೊಸ ಇಂಪೆಲ್ಲರ್ ರಬ್ಬರ್ ಸುಟ್ಟು ಹೋಗಲು ಅರ್ಧ ನಿಮಿಷವೂ ಬೇಡ. ಕೊನೆಗೆ ನೀರು ಇಳಿಯುವವರೆಗೆ ನೆಟ್ಟಗೆ ನಿಲ್ಲಿಸಿ.

ಪಟ್ಣದವ:
ಒಂದು ಮಾತು. ಬೋರ್ ನೀರು ಬಳಸಬೇಡಿ ಸರ್. ಶ್ರೀರಂಗಪಟ್ಟಣದ ನಮ್ಮ ಮನೆ ಬೋರ್‌ಗೆ ಬಕೆಟ್ ಎಲ್ಲ ಬಿಳಿಯಾಗಿದೆ. ಕಾವೇರಿ ನಲ್ಲಿ ನೀರು ಹಿಡಿಯಿರಿ.

ಕಡಲಿಂದ_ಮೈಸೂರಿಗೆ:
ಸರಿಯಾದ ಮಾತು. ಆದರೆ ಭಾವನಿಗೆ ಗಡಸು ನೀರೇ ಸಿಕ್ಕರೂ ಪರವಾಗಿಲ್ಲ. ಉಪ್ಪುನೀರು ಒಳಗೇ ಉಳಿಯುವುದು ಅದಕ್ಕಿಂತ ಕೆಟ್ಟದ್ದು.

ಪಂಪ್‌ಸೆಟ್_ಮಂಡ್ಯ:
ಇವತ್ತು ಮಾಡಿದೆ. ಹಾಲಿನ ಹಾಗೆ ನೊರೆ ಬಂತು. ಈಗ ನೀರು ಜೋರಾಗಿ ಚಿಮ್ಮುತ್ತಿದೆ. ಥರ್ಮೋಸ್ಟಾಟನ್ನು ಕುದಿಯುವ ನೀರಿಗೆ ಹಾಕಿದರೂ ತೆರೆಯಲಿಲ್ಲ, ಹೊಸದು ತರಿಸುತ್ತಿದ್ದೇನೆ. ಭಾವ ಇಷ್ಟು ದಿನ ಮೇಲಷ್ಟೇ ನೀರು ಸುರಿಯುತ್ತಿದ್ದರಂತೆ. ಎಂಜಿನ್ ಜೊತೆ 200 ಲೀಟರ್ ಡ್ರಮ್ ಒಂದನ್ನೂ ಕಳಿಸುತ್ತೇನೆ. ನೀರು ಎಲ್ಲಿವರೆಗೆ ಇರಬೇಕೆಂದು ಒಳಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೇನೆ.