ಮೇ ತಿಂಗಳಾದರೆ ಟಸ್ಕನಿಗೇ ಹೋಗಿ ಅಕ್ಕ

ಅಕ್ಕ, ನಿನ್ನ ಮೆಸೇಜ್ ರಾತ್ರಿಯೇ ನೋಡಿದೆ. ಮೇ ಎರಡನೇ ವಾರಕ್ಕೆ ನಿಮ್ಮ ಮದುವೆಯಾಗಿ 25 ವರ್ಷ, ಮಕ್ಕಳ ಗಲಾಟೆ ಇಲ್ಲದೆ ನೀವಿಬ್ಬರೇ ಒಂದು ವಾರ ಯುರೋಪಿನ ಹಳ್ಳಿ ಕಡೆ ಇದ್ದು ಬರಬೇಕು, ಫ್ರಾನ್ಸಿನ ಪ್ರಾವೆನ್ಸೋ ಇಟಲಿಯ ಟಸ್ಕನಿಯೋ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಎಲ್ಲರೂ ಲ್ಯಾವೆಂಡರ್ ಹೊಲದ ಫೋಟೋ ಹಾಕಿ ಪ್ರಾವೆನ್ಸ್ ಅಂತಿದ್ದಾರೆ. ನನ್ನ ಓಟು ಟಸ್ಕನಿಗೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಭಾವನಿಗೂ ಓದಿ ಹೇಳು.

ಮೇ ತಿಂಗಳಲ್ಲಿ ಲ್ಯಾವೆಂಡರ್ ಅರಳಿರುವುದೇ ಇಲ್ಲ ಅಕ್ಕ. ನೀವು ನೋಡುತ್ತಿರುವ ಆ ನೇರಳೆ ಫೋಟೋ ಎಲ್ಲ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ತೆಗೆದದ್ದು. ವಾಲೆನ್ಸೋಲ್ ಬಯಲಾಗಲಿ, ಗೋರ್ಡ್ ಊರಿನ ಹತ್ತಿರದ ಸೆನಾಂಕ್ ಮಠದ ಮುಂದಿನ ಹೊಲವಾಗಲಿ, ಮೇನಲ್ಲಿ ಹೋದರೆ ಸಾಲು ಸಾಲು ಹಸಿರು ಪೊದೆ ಕಾಣುತ್ತದೆ, ಅಷ್ಟೇ. ಅದನ್ನೇ ನೋಡಬೇಕು ಅಂತ ಅಷ್ಟು ದೂರ ಹೋಗಿ ಅದೇ ಇಲ್ಲ ಅಂದರೆ ನಿನಗೆ ಎಷ್ಟು ಬೇಜಾರಾಗುತ್ತದೆ ಅಂತ ನನಗೆ ಗೊತ್ತು. ಲ್ಯಾವೆಂಡರ್ ಬಿಟ್ಟರೂ ಪ್ರಾವೆನ್ಸ್ ಚೆನ್ನಾಗಿಯೇ ಇದೆ. ರೂಸಿಯೋನ್ ಊರಿನ ಕೆಂಪು ಕಾವಿಮಣ್ಣಿನ ಬೆಟ್ಟ, ಪ್ರಾವೆನ್ಸ್ ಗಡಿಯಾಚೆ ಪಕ್ಕದಲ್ಲೇ ರೋಮನ್ನರು ಕಟ್ಟಿದ ಪೋಂ ದು ಗಾರ್ ಎಂಬ ಮೂರು ಅಂತಸ್ತಿನ ನೀರಿನ ಸೇತುವೆ, ಲೀಲ್ ಸುರ್ ಲಾ ಸೋರ್ಗ್‌ನ ಭಾನುವಾರದ ಸಂತೆ. ಪ್ಯಾರಿಸ್‌ನಿಂದ ಅಲ್ಲಿನ ಆವಿನ್ಯೋನ್ ಊರಿಗೆ ಸೂಪರ್ ಫಾಸ್ಟ್ ರೈಲು ಮೂರು ಗಂಟೆಯೊಳಗೆ ತಲುಪಿಸುತ್ತದೆ. ಆದರೆ ಮಿಸ್ತ್ರಾಲ್ ಅಂತ ಒಂದು ಗಾಳಿ ಬೀಸುತ್ತದೆ ಅಲ್ಲಿ, ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಭಾವನಿಗೆ ಸೈನಸ್ ಬೇರೆ.

ಇನ್ನು ಟಸ್ಕನಿ. ಪೂರ್ತಿ ಟಸ್ಕನಿ ಸುತ್ತುವ ಪ್ಯಾಕೇಜ್ ತಗೋಬೇಡಿ, ಫ್ಲಾರೆನ್ಸ್ ಪೀಸಾ ಅಂತ ಬಸ್ಸಿನಲ್ಲೇ ವಾರ ಕಳೆದುಹೋಗುತ್ತದೆ. ಸಿಯೆನಾ ನಗರದಿಂದ ದಕ್ಷಿಣಕ್ಕೆ ವಾಲ್ ದೋರ್ಚಾ ಅಂತ ಒಂದು ಕಣಿವೆ ಇದೆ. ಅಲ್ಲೇ ಒಂದು ಕಡೆ ರೂಮು ಮಾಡಿಕೊಂಡು ಆರಾಮವಾಗಿ ಇದ್ದುಬಿಡಿ. ಮೇನಲ್ಲಿ ಗೋಧಿ ಪೈರು ಹಸಿರಾಗಿ ನಿಂತಿರುತ್ತದೆ, ಮಧ್ಯೆ ಮಧ್ಯೆ ಕೆಂಪು ಪಾಪ್ಪಿ ಹೂವು, ದಿಬ್ಬದ ಮೇಲೆ ಸಾಲಾಗಿ ಸೈಪ್ರೆಸ್ ಮರ. ಜುಲೈ ಆಗಸ್ಟ್‌ಗೆ ಹೋದರೆ ಕೊಯ್ಲು ಮುಗಿದು ಎಲ್ಲ ಒಣಗಿದ ಕಂದು ಬಣ್ಣ, ಅದರ ಮೇಲೆ ಸುಡು ಬಿಸಿಲು. ಹಾಗಾಗಿ ನಿಮ್ಮ ಮದುವೆಯ ದಿನ ಈ ಜಾಗಕ್ಕೆ ಹೇಳಿಮಾಡಿಸಿದ ಹಾಗಿದೆ. ಆ ನೋಟ ತಾನಾಗಿ ಆದದ್ದೂ ಅಲ್ಲ. ಸಿಯೆನಾದ ವ್ಯಾಪಾರಿಗಳು 14, 15ನೇ ಶತಮಾನದಲ್ಲಿ ಈ ಕಣಿವೆಯ ಹೊಲ, ದಾರಿ, ಊರುಗಳನ್ನು ನೋಡುವುದಕ್ಕೂ ಚೆಂದ ಇರಬೇಕು ಅಂತಲೇ ರೂಪಿಸಿದರು. ಅದಕ್ಕೇ 2004ರಲ್ಲಿ ಯುನೆಸ್ಕೋ ಇಡೀ ಕಣಿವೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಉಳಿಯುವುದಕ್ಕೆ ಪಿಯೆಂಜಾ ಹತ್ತಿರ ನೋಡಿ. ಪುಟ್ಟ ಊರು, ನಡೆದೇ ನೋಡಿ ಮುಗಿಸಬಹುದು. ಮೊದಲು ಅದರ ಹೆಸರು ಕೋರ್ಸಿನ್ಯಾನೋ. ಅಲ್ಲಿ ಹುಟ್ಟಿದವರೊಬ್ಬರು 1458ರಲ್ಲಿ ಎರಡನೇ ಪಿಯುಸ್ ಅಂತ ಪೋಪ್ ಆದರು, ಮಾರನೇ ವರ್ಷವೇ ರೊಸೆಲ್ಲಿನೋ ಎಂಬ ಶಿಲ್ಪಿಯನ್ನು ಕರೆಸಿ ತಾವು ಹುಟ್ಟಿದ ಹಳ್ಳಿಯನ್ನೇ ಹೊಸದಾಗಿ ಕಟ್ಟಿಸಲು ಶುರು ಮಾಡಿದರು, ಊರಿಗೆ ಅವರ ಹೆಸರೇ ಬಂತು. ಕೋಟೆ ಗೋಡೆಯ ಪಕ್ಕ ಒಂದು ಓಡಾಡುವ ದಾರಿ ಇದೆ, ಅಲ್ಲಿಂದ ಇಡೀ ಕಣಿವೆ, ಅದರಾಚೆ ಅಮಿಯಾತಾ ಬೆಟ್ಟ ಕಾಣುತ್ತದೆ. ಆ ಕಡೆಯ ಒಂದು ಗಲ್ಲಿಯ ಹೆಸರು ಪ್ರೀತಿಯ ಬೀದಿ, ಇನ್ನೊಂದರ ಹೆಸರು ಮುತ್ತಿನ ಬೀದಿ, ಮುತ್ತು ಅಂದರೆ ಕೊಡುವ ಮುತ್ತು! ಭಾವ ನಾಚಿಕೊಂಡರೂ ಬಿಡಬೇಡ, ಅಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಲೇಬೇಕು. ಸಂಜೆ ಎಂಟು ದಾಟಿದರೂ ಬೆಳಕಿರುತ್ತದೆ, ಅವಸರವೇ ಇಲ್ಲ.

ಬಾನ್ಯೋ ವಿನ್ಯೋನಿ ಅಂತ ಇನ್ನೊಂದು ಊರು ತಪ್ಪಿಸಬೇಡಿ. ಊರ ನಡುವೆ ಚೌಕ ಇರಬೇಕಾದ ಜಾಗದಲ್ಲಿ ದೊಡ್ಡ ಬಿಸಿನೀರಿನ ಕೊಳ ಇದೆ. ಅದರಲ್ಲಿ ಇಳಿಯುವ ಹಾಗಿಲ್ಲ, ಆದರೆ ಅದೇ ನೀರು ಕೆಳಗೆ ಹಳೇ ಗಿರಣಿಗಳ ಹತ್ತಿರ ಕಾಲುವೆಯಾಗಿ ಹರಿಯುತ್ತದೆ, ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಮಂಡಿ ನೋವಿನ ನಿನಗೆ ಒಳ್ಳೆಯದು. ಮೊಂತೆಪುಲ್ಚಾನೋ ಎಂಬ ಊರು ಕೂಡ ಹತ್ತಿರವೇ, ಆದರೆ ಅದು ಪೂರ್ತಿ ಏರು ದಾರಿ, ನಿಧಾನವಾಗಿ ಹತ್ತಿ.

ಊಟದ ಚಿಂತೆ ನಿನಗೆ ಜಾಸ್ತಿ ಅಲ್ವಾ. ಶುದ್ಧ ಸಸ್ಯಾಹಾರಿಗಳಿಗೆ ಪ್ರಾವೆನ್ಸ್‌ಗಿಂತ ಇಲ್ಲೇ ಸುಲಭ. ಅಲ್ಲಿ ಬ್ರೆಡ್ಡಿಗೆ ಹಚ್ಚಿ ಕೊಡುವ ಆಲಿವ್ ಚಟ್ನಿಯಲ್ಲೂ ಸಾಮಾನ್ಯವಾಗಿ ಮೀನು ಅರೆದಿರುತ್ತಾರೆ. ಇಲ್ಲಿ ಪಿಚಿ ಅಂತ ಸಿಗುತ್ತದೆ, ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯ ಹಾಗೆ, ಬರೀ ಹಿಟ್ಟು ನೀರು. ಕೆಲವರು ಮೊಟ್ಟೆ ಸೇರಿಸುತ್ತಾರೆ, ಕೇಳಿಬಿಡಿ. ಟೊಮೆಟೊ, ದೊಡ್ಡ ಬೆಳ್ಳುಳ್ಳಿ ಹಾಕಿ ಮಾಡುವ ಪಿಚಿ ಆಲ್ಯೋನೆ ತಗೊಳ್ಳಿ. ಚೀಸ್ ವಿಷಯದಲ್ಲಿ ಮಾತ್ರ ಹುಷಾರು. ಪಿಯೆಂಜಾದ ಕುರಿ ಹಾಲಿನ ಪೆಕೊರಿನೋ ತುಂಬಾ ಪ್ರಸಿದ್ಧ, ಆದರೆ ಹಾಲು ಒಡೆಯಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುವುದುಂಟು. ಪಾರ್ಮೆಸಾನ್‌ಗಂತೂ ಕರುವಿನದೇ. ‘ಕಾಲ್ಯೋ ವೆಜೆಟಾಲೆ’ ಅಂತ ಕೇಳಿ, ಗಿಡದಿಂದ ಮಾಡಿದ ಹೆಪ್ಪಿನ ಚೀಸ್ ಇದ್ದರೆ ತೋರಿಸುತ್ತಾರೆ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಚಟ್ನಿಪುಡಿ ತಗೊಂಡು ಹೋಗಿ. ಆಗ್ರಿತುರಿಸ್ಮೋ ಅಂತ ರೈತರ ತೋಟದಲ್ಲೇ ಉಳಿಯುವ ಮನೆಗಳಿವೆ, ಅಡುಗೆಮನೆ ಇರುವುದನ್ನೇ ಆರಿಸಿದರೆ ಬೆಳಗಿನ ಉಪ್ಪಿಟ್ಟು ನೀನೇ ಮಾಡಿಕೊಳ್ಳಬಹುದು.

ಕಾರಿನ ವಿಷಯ ಭಾವನಿಗೆ. ಭಾವ, ಅಲ್ಲಿ ಕಾರಿಲ್ಲದೆ ಆಗುವುದಿಲ್ಲ, ಹಳ್ಳಿ ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಈಗಲೇ ಮಾಡಿಸಿ. ಬುಕ್ ಮಾಡುವಾಗ ಆಟೊಮ್ಯಾಟಿಕ್ ಅಂತ ನೋಡಿ ತಗೊಳ್ಳಿ, ಇಲ್ಲದಿದ್ದರೆ ಗೇರ್ ಕಾರು ಕೊಡುತ್ತಾರೆ, ಬಲಗಡೆ ಓಡಿಸುವ ದೇಶದಲ್ಲಿ ಗೇರೂ ಬಲಗೈಗೆ ಬರುತ್ತದೆ. ಹಳೇ ಊರೊಳಗೆ ಬಿಳಿ ವೃತ್ತಕ್ಕೆ ಕೆಂಪು ಅಂಚು ಇರುವ ಬೋರ್ಡ್, ಜೊತೆಗೆ ‘ಝೋನಾ ಟ್ರಾಫಿಕೋ ಲಿಮಿತಾತೋ’ (ವಾಹನಗಳಿಗೆ ನಿರ್ಬಂಧ ಇರುವ ಜಾಗ) ಅಂತ ಕಂಡರೆ ದಯವಿಟ್ಟು ಒಳಗೆ ಹೋಗಬೇಡಿ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ನೋಟಿಸು ತಿಂಗಳುಗಳ ನಂತರ ಮನೆಗೇ ಬರುತ್ತದೆ. ಊರ ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯಿರಿ.

ನಮ್ಮ ತಮ್ಮ ಪ್ರಾವೆನ್ಸ್, ಟಸ್ಕನಿ ಎರಡನ್ನೂ ಮಾಡಿ ಅಂತ ಬರೆದಿದ್ದಾನೆ. ಬೇಡ. ಕಾರಿನಲ್ಲಿ ಇಡೀ ದಿನದ ದಾರಿ ಅದು, ಒಂದು ವಾರಕ್ಕೆ ಎರಡು ದೇಶ ಅಂದರೆ ಸೂಟ್‌ಕೇಸ್ ಕಟ್ಟಿ ಬಿಚ್ಚುವುದೇ ಆಗುತ್ತದೆ. ಲ್ಯಾವೆಂಡರ್ ನಿಜವಾಗಲೂ ಬೇಕೇ ಬೇಕು ಅಂತ ನಿನ್ನ ಮನಸ್ಸಿನಲ್ಲಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡ, ಹೇಳು, ಆಗ ಟ್ರಿಪ್ಪನ್ನೇ ಜುಲೈ ಮೊದಲ ವಾರಕ್ಕೆ ಹಾಕಿ ಪ್ರಾವೆನ್ಸ್ ಮಾಡೋಣ.

ಟಸ್ಕನಿ ಅಂತ ಆದರೆ ವೀಸಾ ಇಟಲಿಗೇ ಹಾಕಬೇಕು, ಜಾಸ್ತಿ ದಿನ ಉಳಿಯುವ ದೇಶಕ್ಕೇ ಅರ್ಜಿ. ಆರು ತಿಂಗಳ ಮೊದಲಿನಿಂದ ತಗೊಳ್ಳುತ್ತಾರೆ, ಬೇಸಿಗೆ ರಜೆ ಹತ್ತಿರ ಬಂದರೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. 30,000 ಯುರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ನಿಮ್ಮಿಬ್ಬರ ಪಾಸ್‌ಪೋರ್ಟ್ ಎಕ್ಸ್‌ಪೈರಿ ನೋಡಿ ಇವತ್ತೇ ನನಗೆ ತಿಳಿಸು, ಗ್ರೂಪಿನಲ್ಲಿ ಹಾಕಬೇಡ, ನನಗೊಬ್ಬಳಿಗೇ ಕಳಿಸು. ಅಡುಗೆಮನೆ ಇರುವ ನಾಲ್ಕೈದು ತೋಟದ ಮನೆಗಳ ಲಿಂಕ್ ನಾಳೆ ಕಳಿಸುತ್ತೇನೆ, ಭಾವನ ಜೊತೆ ಕೂತು ಒಂದು ಆರಿಸಿ.