ಯೆಜ್ಡಿ ರೋಡ್‌ಕಿಂಗ್ ಬೈಕ್ 10 ಕಿ.ಮೀ. ಓಡಿ ನಿಂತುಬಿಡುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಯಾರಾದರೂ ದಾರಿ ತೋರಿಸಿ

ನಂಜನಗೂಡು_ರಸ್ತೆ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಗಾಡಿ 1984ರ ರೋಡ್‌ಕಿಂಗ್, ಅಪ್ಪನದು. ಬೆಳಿಗ್ಗೆ ಎರಡೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಮೈಸೂರು ದಾಟಿ ಕಡಕೊಳ ಹತ್ತಿರವಾಗುತ್ತಿದ್ದಂತೆ ಎಳೆತ ಇಳಿಯುತ್ತದೆ, ಎರಡು ಸಲ ಮುಗ್ಗರಿಸಿದಂತಾಗಿ ನಿಂತೇ ಹೋಗುತ್ತದೆ. ಆಮೇಲೆ ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಎನ್ನುವುದಿಲ್ಲ. 15 ನಿಮಿಷ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮೊದಲ ಕಿಕ್ಕಿಗೇ ಜೀವ ಬರುತ್ತದೆ.

ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆದು, ಪೆಟ್ರೋಲ್ ಹಾಯುವ ಜೆಟ್‌ಗಳಿಗೆ ಗಾಳಿ ಹೊಡೆಸಿ ಹಾಕಿದ್ದೇನೆ. ನಮ್ಮ ಬೀದಿಯ ಮೆಕ್ಯಾನಿಕ್ ಸಿಲಿಂಡರ್ ಕೊರೆಸಿ ರೀಬೋರ್ ಮಾಡಿಸಿಬಿಡಿ ಎನ್ನುತ್ತಿದ್ದಾರೆ. ಜುಲೈ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನದ ಬೈಕ್ ಮೆರವಣಿಗೆಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕೆಂಬ ಆಸೆಯಿದೆ. ಇನ್ನು ಐದು ವಾರವಷ್ಟೇ ಉಳಿದಿದೆ.

ಪ್ಲಾಟಿನಂ_ಪಾಯಿಂಟ್:
ಇದಕ್ಕೆ ಇಷ್ಟು ಯೋಚನೆ ಬೇಕಿಲ್ಲ. ಕಿಡಿ ಕೊಡುವ ವ್ಯವಸ್ಥೆಯ ಕಂಡೆನ್ಸರ್ ಹೋಗಿದೆ. ತಣ್ಣಗಿರುವಾಗ ಕೆಲಸ ಮಾಡುತ್ತದೆ, ಬಿಸಿಯಾದಾಗ ಕೈಕೊಡುತ್ತದೆ, ಮತ್ತೆ ತಣಿದರೆ ಸರಿಹೋಗುತ್ತದೆ. ಕಂಡೆನ್ಸರಿನ ಲಕ್ಷಣವೇ ಇದು. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಲು ತೆರೆದು ಮುಚ್ಚುವ ಸ್ವಿಚ್) ಮೇಲಿನ ಮುಚ್ಚಳ ತೆಗೆದು ಎಂಜಿನ್ ಓಡಿಸಿ ನೋಡಿ, ಪಾಯಿಂಟ್ ನಡುವೆ ನೀಲಿ ಕಿಡಿ ಜೋರಾಗಿ ಹಾರುತ್ತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯದನ್ನು ಹುಡುಕಿ ತನ್ನಿ. ಎರಡು ತಂದು ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇರಲಿ.

ಕರಾವಳಿ_ಟೂಸ್ಟ್ರೋಕ್:
ಕಂಡೆನ್ಸರ್ ಆಮೇಲೆ ನೋಡೋಣ ಮಾರಾಯರೇ, ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಆಡುವ ಸಣ್ಣ ತೂತು ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ. ಗಾಡಿ ನಿಂತ ತಕ್ಷಣ ಮುಚ್ಚಳ ತೆರೆಯಿರಿ. ‘ಸ್ಸ್’ ಎಂದು ಗಾಳಿ ಒಳಗೆ ಹೋದರೆ ಕಾರಣ ಅದೇ. ದುಡ್ಡು ಖರ್ಚಿಲ್ಲ.

ಪ್ಲಾಟಿನಂ_ಪಾಯಿಂಟ್:
ಮುಚ್ಚಳದ ತೂತಿನ ಕಥೆಯನ್ನು ಪ್ರತಿ ಸಲವೂ ಯಾರಾದರೂ ಹೇಳುತ್ತಾರೆ. ಬಿಸಿಯಾದಾಗ ನಿಂತು ತಣಿದಾಗ ಓಡುವುದು ಕರೆಂಟಿನ ದೋಷವೇ. ನನ್ನ ಮೂರು ಯೆಜ್ಡಿಗಳಲ್ಲೂ ಅನುಭವಿಸಿದ್ದೇನೆ. ಕಂಡೆನ್ಸರ್ ಬದಲಾಯಿಸಿ ಬಂದು ಹೇಳಿ.

ನಂಜನಗೂಡು_ರಸ್ತೆ:
ಇಬ್ಬರಿಗೂ ಧನ್ಯವಾದ. ಇವತ್ತು ಮತ್ತೆ ಅದೇ ಜಾಗದಲ್ಲಿ ನಿಂತಿತು. ಮುಚ್ಚಳ ತೆರೆದೆ, ಯಾವ ಸದ್ದೂ ಬರಲಿಲ್ಲ. ವಾಪಸ್ ಬರುವಾಗ ಮುಚ್ಚಳವನ್ನು ಸಡಿಲ ಬಿಟ್ಟು ಬಂದೆ, ಆದರೂ ನಿಂತಿತು. ಕಂಡೆನ್ಸರ್ ಬಗ್ಗೆ ಹೇಳುವುದಾದರೆ ನನ್ನ ಗಾಡಿಯಲ್ಲಿ ಪಾಯಿಂಟೇ ಇಲ್ಲ. ಎರಡು ವರ್ಷದ ಹಿಂದೆ ಅದರ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೇನೆ.

ಪ್ಲಾಟಿನಂ_ಪಾಯಿಂಟ್:
ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ಸರ್. ರೋಡ್‌ಕಿಂಗ್ ಎಂದರೆ ಪಾಯಿಂಟ್ ಎಂದೇ ನಾವು ತಿಳಿಯುವುದು. ಹಾಗಾದರೆ ಸಿಡಿಐಗೆ ಕಿಡಿಯ ಹೊತ್ತು ತಿಳಿಸುವ ಪಿಕಪ್ ಕಾಯಿಲ್ ಬಿಸಿಗೆ ಕೈಕೊಡುತ್ತಿದೆ. ಮೈಸೂರಿನ ಯಾದವಗಿರಿಯ ಯೆಜ್ಡಿ ಕಾರ್ಖಾನೆಯವರು ಕೊಟ್ಟದ್ದನ್ನು ಕಿತ್ತು ಬೇರೆಯದನ್ನು ಹಾಕಿದರೆ ಹೀಗೆಯೇ ಆಗುವುದು. ಪಾಯಿಂಟ್ ಕೆಟ್ಟರೆ ಉಪ್ಪುಕಾಗದದಲ್ಲಿ ಉಜ್ಜಿ ಮನೆ ಸೇರಬಹುದು. ಸಿಡಿಐ ಕೆಟ್ಟರೆ ಗಾಡಿಯನ್ನು ತಳ್ಳಬೇಕು.

ಬಯಲುಸೀಮೆ_250:
ಇದನ್ನು ಒಪ್ಪಲಾರೆ. ಸಿಡಿಐ ಹಾಕಿ ಆರು ವರ್ಷವಾಯಿತು, ದಾವಣಗೆರೆಯಿಂದ ಗೋಕರ್ಣಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಒಂದು ದಿನವೂ ಟೈಮಿಂಗ್ ಮುಟ್ಟಿಲ್ಲ. ಹೆಡ್‌ಲೈಟ್ ಬೆಳಕು ಈಗ ಬೆಳಕಿನಂತಿದೆ, ಹಿಂದೆ ಊದಿನಕಡ್ಡಿ ಹಚ್ಚಿದಂತಿತ್ತು. ಹಳೆಯದೆಲ್ಲ ಒಳ್ಳೆಯದು ಎಂಬ ಹಟದಿಂದಲೇ ಅರ್ಧ ಗಾಡಿಗಳು ಷೆಡ್ಡಿನಲ್ಲಿ ಕೂತಿವೆ.

ಅಂದಹಾಗೆ, ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಹಾಕುತ್ತಿದ್ದೀರಿ?

ನಂಜನಗೂಡು_ರಸ್ತೆ:
50 ಮಿ.ಲೀ. ಅಪ್ಪ ಹಾಕುತ್ತಿದ್ದ ಲೆಕ್ಕ.

ಬಯಲುಸೀಮೆ_250:
ಸಿಕ್ಕಿತು ನೋಡಿ. 50 ಎಂದರೆ 1ಕ್ಕೆ 20. ಇವತ್ತಿನ ಆಯಿಲ್‌ಗೆ 30 ಮಿ.ಲೀ. ಧಾರಾಳ. ಪ್ಲಗ್ ಮಸಿ ಹಿಡಿದು ಕಿಡಿ ನಿಲ್ಲುತ್ತಿದೆ. ಸೈಲೆನ್ಸರುಗಳ ಒಳಗಿನ ಜಾಲರಿಯೂ ಕಾರ್ಬನ್ ಕಟ್ಟಿರುತ್ತದೆ.

ಕರಾವಳಿ_ಟೂಸ್ಟ್ರೋಕ್:
30 ಹಾಕಿ ಘಾಟಿ ಹತ್ತಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾನು 40ಕ್ಕಿಂತ ಇಳಿಸಿಲ್ಲ, ಚಾರ್ಮಾಡಿ ಹತ್ತಿಸುವ ದಿನ 45.

ಬಯಲುಸೀಮೆ_250:
ಆಯಿಲ್ ಹೆಚ್ಚಾದರೆ ಎಂಜಿನ್ ತಂಪಾಗಿರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಜೆಟ್‌ನಲ್ಲಿ ಹಾಯುವುದು ಅಷ್ಟೇ ದ್ರವ. ಅದರಲ್ಲಿ ಆಯಿಲ್ ಪಾಲು ಹೆಚ್ಚಾದರೆ ಪೆಟ್ರೋಲ್ ಪಾಲು ಇಳಿಯುತ್ತದೆ, ಮಿಶ್ರಣ ಬಡವಾಗಿ ಎಂಜಿನ್ ಇನ್ನೂ ಬಿಸಿಯಾಗುತ್ತದೆ.

ಕರಾವಳಿ_ಟೂಸ್ಟ್ರೋಕ್:
ಲೆಕ್ಕ ಸರಿ ಇರಬಹುದು, ಆದರೆ ಹತ್ತು ಮಿ.ಲೀ. ವ್ಯತ್ಯಾಸಕ್ಕೆ ಮಿಶ್ರಣ ಬಡವಾಗುವುದು ನೂರರಲ್ಲಿ ಒಂದು ಪಾಲು. ಪಿಸ್ಟನ್ ಸೀಜ್ ಆದರೆ ಹೋಗುವುದು ಇಡೀ ಸಿಲಿಂಡರ್. ಬೋರ್ 65, ಸ್ಟ್ರೋಕ್ 75 ಮಿ.ಮೀ.ನ ಉದ್ದ ಹೊಡೆತದ ಎಂಜಿನ್ ಇದು. ಕೈತುಂಬಾ ಆಯಿಲ್ ಕೊಟ್ಟು ಸಾಕಬೇಕು.

ಮರೂನ್_67:
ನಿಮ್ಮ ಚರ್ಚೆ ಓದಿ ನನ್ನ ಗಾಡಿಯ ವಿಷಯವನ್ನೂ ಬರೆಯಬೇಕೆನಿಸಿತು. ನನ್ನದು 1967ರ ಜಾವಾ 250. ಮರೂನ್ ಬಣ್ಣ, ಟ್ಯಾಂಕಿನ ಎರಡೂ ಪಕ್ಕೆಗೆ ಕ್ರೋಮ್, ಅದರ ಅಂಚಿಗೆ ಚಿನ್ನದ ಬಣ್ಣದ ಗೆರೆ. ಆ ಗೆರೆಯನ್ನು ಯಂತ್ರದಲ್ಲಿ ಎಳೆಸಿಲ್ಲ. ಸೈನ್‌ಬೋರ್ಡ್ ಬರೆಯುವ ಹಿರಿಯರೊಬ್ಬರು ಅಳಿಲು ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಎಳೆದರು. ಒಂದು ಪಕ್ಕೆಗೆ 40 ನಿಮಿಷ ಹಿಡಿಯಿತು. ಕ್ಲಚ್ ಹಿಡಿಯದೆಯೇ ಗೇರ್ ಬದಲಾಯಿಸಬಹುದಾದ ವ್ಯವಸ್ಥೆ ಇನ್ನೂ ಹೊಸದರಂತೆ ಕೆಲಸ ಮಾಡುತ್ತದೆ. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಆ ಜಾಣತನವನ್ನು ಇವತ್ತಿನ ಹುಡುಗರಿಗೆ ತೋರಿಸಿದಾಗ ಅವರ ಮುಖ ನೋಡಬೇಕು.

ಬಯಲುಸೀಮೆ_250:
ಚೆನ್ನಾಗಿದೆ ಸರ್. ರಿಮ್‌ಗಳಿಗೆ ಕ್ರೋಮ್ ಎಲ್ಲಿ ಮಾಡಿಸಿದಿರಿ? ನನ್ನವು ಒಂದೇ ಮಳೆಗಾಲಕ್ಕೆ ಚುಕ್ಕೆ ಬಿದ್ದಿವೆ.

ಮರೂನ್_67:
ಅದು ದೊಡ್ಡ ಕಥೆ. ತಾಮ್ರ, ನಿಕಲ್, ಆಮೇಲೆ ಕ್ರೋಮ್ ಎಂದು ಮೂರು ಪದರ ಹಾಕುವವರು ಸಿಗಬೇಕು. ನಿಕಲ್ ತೆಳುವಾದರೆ ಚುಕ್ಕೆ ಬಿದ್ದೇ ಬೀಳುತ್ತದೆ. ಬೇರೆ ಎಳೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ನಂಜನಗೂಡು_ರಸ್ತೆ:
ದಯವಿಟ್ಟು ನನ್ನ ಗಾಡಿಯ ಕಡೆಗೂ ಗಮನ ಕೊಡಿ. ನಿನ್ನೆ ಹೊಸ ಪಿಕಪ್ ಕಾಯಿಲ್ ಹಾಕಿಸಿದೆ. ಇವತ್ತು ಹೊರಟೆ. ಕಡಕೊಳದವರೆಗೂ ಬರಲಿಲ್ಲ, ಅದಕ್ಕೂ ಒಂದೂವರೆ ಕಿಲೋಮೀಟರ್ ಮೊದಲೇ ನಿಂತಿತು. ಒಂದು ವಿಷಯ ಮಾತ್ರ ಹೊಸದಾಗಿ ಕಂಡಿತು. ಮುಗ್ಗರಿಸಲು ಶುರುವಾದಾಗ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ ತಿರುಗಿಸಿದೆ, ಇನ್ನೂ ಎರಡು ಕಿ.ಮೀ. ಓಡಿತು. ಟ್ಯಾಂಕಿನಲ್ಲಿ ಮುಕ್ಕಾಲು ಪೆಟ್ರೋಲ್ ಇತ್ತು.

ಪ್ಲಾಟಿನಂ_ಪಾಯಿಂಟ್:
ಪಿಕಪ್ ಅಲ್ಲದಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಎಚ್.ಟಿ. ಕಾಯಿಲ್. ಅದನ್ನೂ ಬದಲಾಯಿಸಿ.

ಗ್ರೀಸ್_ಕೈ:
ಇನ್ನು ಒಂದು ಸಾಮಾನನ್ನೂ ಕೊಳ್ಳಬೇಡಿ. ಗಾಡಿಯನ್ನು ರಸ್ತೆಗೂ ಇಳಿಸಬೇಡಿ. ನಾನು 32 ವರ್ಷ ಗ್ಯಾರೇಜ್ ನಡೆಸಿದವನು, ಬಂದ ಗಾಡಿಗಳಲ್ಲಿ ಹೆಚ್ಚಿನವು ಜಾವಾ, ಯೆಜ್ಡಿ. ನೀವು ರಿಸರ್ವ್ ವಿಷಯ ಬರೆದದ್ದು ನೋಡಿ ಎದೆ ಧಸಕ್ಕೆಂದಿತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆಗೆ. ಪೆಟ್ರೋಲ್ ಸೊರಗಿದರೆ ಆಯಿಲೂ ಸೊರಗುತ್ತದೆ. ಮೇಲಿನ ಗೇರಿನಲ್ಲಿ, ಬಿಸಿಲಿನಲ್ಲಿ, ಎಂಜಿನ್ ಹಾಗೆ ಒಣಗಿ ಓಡಿದರೆ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ. ಹಿಂದೆ ತಂದೆಯವರನ್ನು ಕೂರಿಸಿಕೊಳ್ಳುವ ಮಾತಾಡಿದ್ದೀರಿ.

ಎಲ್ಲರೂ ‘ಬಿಸಿಯಾದಾಗ’ ಎಂಬ ಮಾತನ್ನೇ ಹಿಡಿದುಕೊಂಡಿದ್ದಾರೆ. ಬಿಸಿಯೇ ಕಾರಣ ಎಂದು ಯಾರೂ ಪರೀಕ್ಷಿಸಿಲ್ಲ. ನಾಳೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಹೀಗೆ ಮಾಡಿ. ಕಾರ್ಬುರೇಟರಿನಿಂದ ಪೆಟ್ರೋಲ್ ಪೈಪ್ ಕಳಚಿ, ಅಳತೆ ಗುರುತಿರುವ ಬಾಟಲಿಗೆ ಇಳಿಬಿಟ್ಟು ಕಾಕ್ ತೆರೆಯಿರಿ. ಮುಚ್ಚಳ ಸಡಿಲವಿರಲಿ. ಮೊದಲ ಕಾಲು ಲೀಟರಿಗೆ ಎಷ್ಟು ಹೊತ್ತು, ಎರಡನೆಯ ಕಾಲು ಲೀಟರಿಗೆ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ನೋಡಿ. ಮನೆಯ ಹೊರಗೆ ಮಾಡಿ, ಹತ್ತಿರ ಬೆಂಕಿ ಬೇಡ.

ಟ್ಯಾಂಕಿಗೆ ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದೀರಾ?

ನಂಜನಗೂಡು_ರಸ್ತೆ:
ಗ್ರೀಸ್_ಕೈ ಅವರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಮೊದಲ 250 ಮಿ.ಲೀ. 40 ಸೆಕೆಂಡಿನಲ್ಲಿ ಇಳಿಯಿತು. ಎರಡನೆಯದಕ್ಕೆ 1 ನಿಮಿಷ 50 ಸೆಕೆಂಡ್ ಹಿಡಿಯಿತು. ಆಮೇಲೆ ಧಾರೆ ಹೋಗಿ ತೊಟ್ಟಿಕ್ಕತೊಡಗಿತು. ಕಾಕ್ ಮುಚ್ಚಿ 15 ನಿಮಿಷ ಬಿಟ್ಟು ತೆರೆದೆ, ಮತ್ತೆ ಪೂರಾ ಧಾರೆ. ಎಂಜಿನ್ ಇಡೀ ಹೊತ್ತು ತಣ್ಣಗೇ ಇತ್ತು. ಮೂರು ವಾರ ನಾನು ಎಂಜಿನ್ ತಣಿಯಲಿ ಎಂದು ಕಾಯುತ್ತಿದ್ದೆ.

ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿದೆ. ಒಳಗಿನ ಜಾಲರಿ ಕೊಳವೆಗೆ ಈರುಳ್ಳಿಯ ಒಳಸಿಪ್ಪೆಯಂಥ ಹಾಳೆ ಸುತ್ತಿಕೊಂಡಿತ್ತು. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳು. ಉಗುರಿನಲ್ಲಿ ಎತ್ತಿದರೆ ಮೆತ್ತಗೆ ಬಾಗುತ್ತದೆ, ಮುರಿಯುವುದಿಲ್ಲ. ಟ್ಯಾಂಕಿನಿಂದ ಸುರಿದ ಪೆಟ್ರೋಲನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಒಂದು ಹಿಡಿಯಷ್ಟು ಬಂತು.

ಟ್ಯಾಂಕಿನ ಕೆಲಸದ ಬಗ್ಗೆ ಕೇಳಿದಿರಿ. ಕಳೆದ ದೀಪಾವಳಿಗೆ ಬಣ್ಣ ಮಾಡಿಸಿದಾಗ ಒಳಗಿನ ತುಕ್ಕು ನಿಲ್ಲಲೆಂದು ಕೋಟಿಂಗ್ ಹಾಕಿಸಿದ್ದೆ. ಆರು ತಿಂಗಳು ಏನೂ ತೊಂದರೆ ಇರಲಿಲ್ಲವಾದ್ದರಿಂದ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಗ್ರೀಸ್_ಕೈ:
ಪೆಟ್ರೋಲ್ ಹರಿಯುವಾಗ ಆ ಸಿಪ್ಪೆಗಳು ಎಳೆದುಕೊಂಡು ಬಂದು ಜಾಲರಿಗೆ ಅಂಟುತ್ತವೆ. ಗಾಡಿ ನಿಂತು ಹರಿವು ನಿಂತರೆ ನಿಧಾನವಾಗಿ ಬಿಟ್ಟುಕೊಂಡು ತೇಲುತ್ತವೆ. ನಿಮ್ಮ 15 ನಿಮಿಷ ಬೇಕಾದದ್ದು ಅದಕ್ಕೆ. ರಿಸರ್ವ್ ಬಾಯಿ ಬೇರೆ ಎತ್ತರದಲ್ಲಿರುವುದರಿಂದ ಅದು ಕಟ್ಟಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ತುಕ್ಕನ್ನು ಪೂರ್ತಿ ತೆಗೆಯದೆ, ತೇವ ಒಣಗಿಸದೆ ಕೋಟಿಂಗ್ ಸುರಿದರೆ ಅದು ತಗಡಿಗೆ ಹಿಡಿಯುವುದಿಲ್ಲ, ತುಕ್ಕಿನ ಮೇಲೆ ಕೂತಿರುತ್ತದೆ, ಅಷ್ಟೇ.

ಈಗ ಸೈಲೆನ್ಸರಿಗೆ ಹೋಗುವ ಎರಡೂ ಬೆಂಡ್ ಪೈಪ್ ಕಳಚಿ, ಸಿಲಿಂಡರಿನ ಬಾಯಿಗೆ ಟಾರ್ಚ್ ಹಾಕಿ, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತುತ್ತಾ ಪಿಸ್ಟನ್ ಪಕ್ಕೆ ನೋಡಿ. ಉದ್ದುದ್ದ ಗೀರು ಇದ್ದರೆ ಬಂದು ಹೇಳಿ. ನಯವಾಗಿದ್ದರೆ ರೀಬೋರ್ ಮಾತು ಮರೆತುಬಿಡಿ.

ಬಯಲುಸೀಮೆ_250:
ಇದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸ. ಎಥನಾಲ್ ನೀರು ಹೀರುತ್ತದೆ, ಕೋಟಿಂಗನ್ನೂ ಮೆತ್ತಗೆ ಮಾಡುತ್ತದೆ. ಹಳೆಯ ಗಾಡಿಗಳನ್ನು ಯಾರೂ ಕೇಳುವವರಿಲ್ಲ.

ಕರಾವಳಿ_ಟೂಸ್ಟ್ರೋಕ್:
ನನ್ನ ಟ್ಯಾಂಕಿಗೂ ಕೋಟಿಂಗ್ ಇದೆ, ಪೆಟ್ರೋಲೂ ಅದೇ ಬಂಕಿನ ಪೆಟ್ರೋಲ್. ನಾಲ್ಕು ವರ್ಷವಾದರೂ ಎದ್ದಿಲ್ಲ. ಹಾಕುವ ಮೊದಲು ಮೂರು ದಿನ ಜಲ್ಲಿ ಚೂರು ಹಾಕಿ ಕುಲುಕಿದ್ದೆ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದ್ದೆ.

ಪ್ಲಾಟಿನಂ_ಪಾಯಿಂಟ್:
ಪೆಟ್ರೋಲ್ ಪೈಪಿಗೆ ಒಂದು ಫಿಲ್ಟರ್ ಹಾಕಿಸಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಗ್ರೀಸ್_ಕೈ:
ಆಗುತ್ತಿತ್ತು ಸರ್. ಸಿಪ್ಪೆ ಕಟ್ಟಿಕೊಂಡದ್ದು ಕಾಕಿನ ಒಳಜಾಲರಿಗೆ, ಫಿಲ್ಟರ್ ಬರುವುದು ಅದರ ಆಚೆ. ಅದೂ ಕಾಗದದ ಫಿಲ್ಟರ್ ಬೇಡವೇ ಬೇಡ. ಇಲ್ಲಿ ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು, ಪಂಪ್ ಇಲ್ಲ.

ನಂಜನಗೂಡು_ರಸ್ತೆ:
ಪಿಸ್ಟನ್ ನೋಡಿದೆ. ಬಲಗಡೆಯ ಬಾಯಿಯಲ್ಲಿ ಕೂದಲೆಳೆಯಷ್ಟು ಎರಡು ಗೀರುಗಳಿವೆ, ಕಡ್ಡಿಯಿಂದ ಮುಟ್ಟಿದರೆ ತಡೆಯುವುದಿಲ್ಲ. ಎಡಗಡೆ ನಯವಾಗಿದೆ. ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದರು. ಲೀಟರಿಗೆ 50 ಹಾಕಿದ್ದರಿಂದಲೇ ಬಚಾವಾಯಿತು ಎಂದು ನಿಮಗೆಲ್ಲ ತಿಳಿಸಲು ಹೇಳಿದ್ದಾರೆ.

ಉಳಿದಿರುವ ಪ್ರಶ್ನೆ ಒಂದೇ. ಟ್ಯಾಂಕಿನ ಹೊರಗಿನ ಬಣ್ಣ ಹಾಳಾಗದಂತೆ ಒಳಗಿನ ಕೋಟಿಂಗ್ ತೆಗೆಯುವುದು ಹೇಗೆ? ಅಸಿಟೋನ್ ಹಾಕಿ ಎಂದು ಒಬ್ಬರು ಹೇಳಿದರು.

ಗ್ರೀಸ್_ಕೈ:
ಎದ್ದಿರುವ ಭಾಗವನ್ನು ಅಸಿಟೋನ್ ಸಡಿಲಿಸಬಹುದು. ಗಟ್ಟಿಯಾಗಿ ಹಿಡಿದಿರುವ ಎಪಾಕ್ಸಿ ಕೋಟಿಂಗ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ಹನಿ ಹೊರಗೆ ಹರಿದರೂ ಬಣ್ಣ ಎದ್ದುಬರುತ್ತದೆ. ನಾನಾಗಿದ್ದರೆ ಬಣ್ಣದ ಆಸೆ ಬಿಟ್ಟು ಒಳಗನ್ನು ಸರಿಮಾಡುತ್ತೇನೆ. ಮೆರವಣಿಗೆಗೆ ಬೇರೆ ಟ್ಯಾಂಕ್ ಯಾರ ಬಳಿಯಾದರೂ ಸಿಗುತ್ತದೆಯೇ ವಿಚಾರಿಸಿ.

ಮರೂನ್_67:
ರೋಡ್‌ಕಿಂಗ್ ಟ್ಯಾಂಕ್ ಒಂದು ನನ್ನ ಅಟ್ಟದ ಮೇಲಿದೆ. ಎಡಪಕ್ಕೆಗೆ ಸಣ್ಣ ಗುಳಿ ಇದೆ, ಒಳಗೆ ತುಕ್ಕಿಲ್ಲ. ಕಪ್ಪು ಬಣ್ಣ. ಭಾನುವಾರ ಬಂದು ತೆಗೆದುಕೊಂಡು ಹೋಗಿ, ಮೆರವಣಿಗೆ ಮುಗಿದ ಮೇಲೆ ವಾಪಸ್ ಕೊಡಿ. ಕಾಕ್ ಇಲ್ಲ, ನಿಮ್ಮದನ್ನು ತನ್ನಿ.

ನಂಜನಗೂಡು_ರಸ್ತೆ:
ಸರ್, ಮಾತೇ ಹೊರಡುತ್ತಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪನೊಂದಿಗೆ ಬಸ್ಸಿನಲ್ಲಿ ಬರುತ್ತೇನೆ. ವಿಳಾಸವನ್ನು ಖಾಸಗಿಯಾಗಿ ಕಳುಹಿಸಿ.

ಘಟಪ್ರಭಾ_ರೈಡರ್:
ನನ್ನ ಯೆಜ್ಡಿಗೂ ಇದೇ ತೊಂದರೆ, ಆದರೆ ನನ್ನದು ನಿಲ್ಲುವುದಿಲ್ಲ, ರೇಸ್ ತಾನಾಗಿಯೇ ಏರುತ್ತದೆ. ಗೇರ್ ಬಾಕ್ಸ್ ಆಯಿಲೂ ಕಡಿಮೆಯಾಗುತ್ತಿದೆ. ಕಂಡೆನ್ಸರ್ ಇರಬಹುದೇ?

ಪ್ಲಾಟಿನಂ_ಪಾಯಿಂಟ್:
ಪಾಯಿಂಟ್ ಇದೆಯೋ ಸಿಡಿಐ ಹಾಕಿಸಿದ್ದೀರೋ, ಅದನ್ನು ಮೊದಲು ಹೇಳಿ.