‘ಸ್ವೀಕರಿಸಲಾಗಿದೆ’ ಅಂದರೆ ಬಂದು ಮುಟ್ಟಿತು ಅಂತಲೋ, ಒಪ್ಪಿದೆವು ಅಂತಲೋ?

ಎಲ್ಲರಿಗೂ ನಮಸ್ಕಾರ.

ಒಂದು ರಬ್ಬರ್ ಸ್ಟಾಂಪಿನಿಂದ ಹತ್ತಿಕೊಂಡ ಜಗಳ ಇದು. ಆ ಸ್ಟಾಂಪ್ ಮಾಡಿಸಿದವನು ನಾನೇ. ಹಾಗಾಗಿ ಕೇಳುವ ಹಕ್ಕಿಗಿಂತ ಕೇಳುವ ಗರಜು ಜಾಸ್ತಿ ಇದೆ.

ಮುಂಬಯಿಯ ಪಶ್ಚಿಮ ಉಪನಗರದಲ್ಲಿ ನಮ್ಮದೊಂದು ಸಣ್ಣ ಕನ್ನಡ ಕ್ರೈಸ್ತ ಸಭೆ. ಯಾವ ದೊಡ್ಡ ಮಂಡಳಿಗೂ ಸೇರಿದ್ದಲ್ಲ, ಸ್ವತಂತ್ರ. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಹಾಲಿನಲ್ಲಿ ಆರಾಧನೆ. ಬೀದರ್ ಕಡೆಯವರು, ಹುಬ್ಬಳ್ಳಿ-ಧಾರವಾಡದವರು, ಮಂಗಳೂರು-ಉಡುಪಿಯವರು ಎಲ್ಲ ಕಲೆತಿದ್ದೇವೆ. ನಡವಳಿ ಬರೆಯುವ ಕೆಲಸ ನನ್ನದು. ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸವೂ ನನ್ನದೇ.

ನಮ್ಮ ಪಾಲಕರು, ಅಂದರೆ ಸಭೆಯ ಪಾದ್ರಿಗಳು, ಎರಡು ತಿಂಗಳ ಹಿಂದೆ ರಾಜೀನಾಮೆ ಪತ್ರ ಬರೆದರು. ಕಾರಣ ಇಲ್ಲಿ ಬೇಡ. ಮುಂದಿನ ತಿಂಗಳ ಕೊನೆಯಿಂದ ಬಿಡುಗಡೆ ಕೊಡಿ ಅಂತ ಅದರಲ್ಲಿತ್ತು. ಆಫೀಸಿನಲ್ಲಿ ಕೂರುವ ಹುಡುಗ ಪತ್ರ ತೆಗೆದುಕೊಂಡ. ನಕಲಿನ ಮೇಲೆ ನನ್ನ ಸ್ಟಾಂಪ್ ಒತ್ತಿದ: ‘ಸ್ವೀಕರಿಸಲಾಗಿದೆ’. ಕೆಳಗೆ ತಾರೀಖು, ಸಹಿ. ಹನ್ನೆರಡು ದಿನ ಕಳೆದ ಮೇಲೆ ಪಾಲಕರ ಮನಸ್ಸು ತಿರುಗಿತು. ರಾಜೀನಾಮೆ ಹಿಂದಕ್ಕೆ ಪಡೆಯುತ್ತೇನೆ ಅಂತ ಇನ್ನೊಂದು ಪತ್ರ ಬಂತು. ಅದರ ಮೇಲೂ ಹುಡುಗ ಅದೇ ಸ್ಟಾಂಪ್ ಒತ್ತಿದ!

ಈಗ ಒಂದು ಪಂಗಡ ಹೇಳುವುದು: ರಾಜೀನಾಮೆ ಸ್ವೀಕಾರ ಆಗಿಹೋಗಿದೆ, ಸ್ಟಾಂಪ್ ನೋಡಿ, ಇನ್ನು ವಾಪಸ್ ಎಲ್ಲಿಂದ? ಇನ್ನೊಂದು ಪಂಗಡ: ಪತ್ರ ಕೈಗೆ ಬಂತು ಅನ್ನುವುದಕ್ಕೆ ಒತ್ತಿದ ಮುದ್ರೆ ಅದು, ಒಪ್ಪಿಗೆ ಕೊಡಲು ಆಫೀಸಿನ ಹುಡುಗ ಯಾರು? ಮೊದಲ ಪಂಗಡದವರ ಮಾತೇ ಸರಿ ಅನ್ನುವುದಾದರೆ ವಾಪಸ್ ಪತ್ರವೂ ‘ಸ್ವೀಕಾರ’ ಆಗಿದೆ ಅಲ್ವಾ? ಇದನ್ನು ಹೇಳಿದ್ದಕ್ಕೆ ನನ್ನನ್ನು ಪಾಲಕರ ಕಡೆಯವನು ಅಂದರು.

ನನ್ನ ಮೊದಲ ಪ್ರಶ್ನೆ ಇದು. ‘ಸ್ವೀಕರಿಸು’ ಅನ್ನುವುದಕ್ಕೆ ನಿಮ್ಮ ಕಡೆ ಯಾವ ಅರ್ಥ ಮೊದಲು ತಲೆಗೆ ಬರುತ್ತದೆ? ನಾನು ಸುಮ್ನೆ ಕೂತು ಬಳಕೆಗಳನ್ನು ಬರೆದುಕೊಂಡೆ. ಪೊಲೀಸರು ದೂರು ಸ್ವೀಕರಿಸಿದರು ಅಂದರೆ ದೂರನ್ನು ನಂಬಿದರು ಅಂತಲ್ಲ, ಬರೆದುಕೊಂಡರು ಅಷ್ಟೆ. ಮಂತ್ರಿಗಳು ಮನವಿ ಸ್ವೀಕರಿಸಿದರು ಅಂದರೆ ಪಿಎ ಕೈಗೆ ಕೊಟ್ಟು ಕಾರು ಹತ್ತಿದರು. ಆದರೆ ಸವಾಲು ಸ್ವೀಕರಿಸಿದ ಅಂದರೆ ಒಪ್ಪಿ ಅಖಾಡಕ್ಕೆ ಇಳಿದ. ಕ್ರಿಸ್ತನನ್ನು ಸ್ವೀಕರಿಸಿದ ಅಂದರೆ ಮನಸಾರೆ ಒಪ್ಪಿದ. ನಮ್ಮ ಜನ ವಾರವಾರವೂ ಕೇಳುವ ಬಳಕೆ ಇದೇ. ಅದಕ್ಕೇ ನಮ್ಮವರ ಕಿವಿಗೆ ಆ ಸ್ಟಾಂಪ್ ಒಪ್ಪಿಗೆಯ ಹಾಗೆ ಕೇಳಿಸಿತೇನೋ. ಪದದ ಒಳಗಿರುವುದು ‘ಸ್ವ’, ತನ್ನದು. ತನ್ನದಾಗಿ ಮಾಡಿಕೊಳ್ಳುವುದು. ಕೈಗೆ ತೆಗೆದುಕೊಂಡರೂ ತನ್ನದು, ಮನಸ್ಸಿಗೆ ತೆಗೆದುಕೊಂಡರೂ ತನ್ನದು.

ವಿಧಾನಸಭೆಯ ಕನ್ನಡದಲ್ಲಿ ಈ ತೊಡಕು ಕಡಿಮೆ. ಅಲ್ಲಿ ರಾಜೀನಾಮೆ ‘ಸಲ್ಲಿಕೆ’ ಬೇರೆ, ‘ಅಂಗೀಕಾರ’ ಬೇರೆ. 2019ರ ಜುಲೈನಲ್ಲಿ ಕರ್ನಾಟಕದ ಅತೃಪ್ತ ಶಾಸಕರು ನಮ್ಮ ಮುಂಬಯಿಯ ಹೋಟೆಲಿನಲ್ಲಿ ಬಂದು ಕೂತಿದ್ದರಲ್ಲ, ಆಗ ಕನ್ನಡ ಚಾನೆಲ್‌ಗಳಲ್ಲಿ ಬೆಳಗಿಂದ ರಾತ್ರಿವರೆಗೆ ಒಂದೇ ಮಾತು: ಅಂಗೀಕಾರ ಆಯಿತಾ, ಆಗಲಿಲ್ವಾ? ಸ್ಪೀಕರ್ ರಮೇಶ್ ಕುಮಾರ್ ಅವಸರ ಮಾಡಲಿಲ್ಲ. ಕೊನೆಗೆ ಅಂಗೀಕಾರ ಬರಲಿಲ್ಲ, ಅನರ್ಹತೆ ಬಂತು. ಮೊದಲು ಹಾಗಿರಲಿಲ್ಲ. ಶಾಸಕ ಸಹಿ ಮಾಡಿ ಸ್ಪೀಕರಿಗೆ ಬರೆದುಕೊಟ್ಟರೆ ಸೀಟು ಖಾಲಿ. 1974ರ 33ನೇ ತಿದ್ದುಪಡಿ ಬಂದ ಮೇಲೆ ಸಂವಿಧಾನದ 190ನೇ ವಿಧಿಯಲ್ಲಿ ಅಂಗೀಕಾರ ಅನ್ನುವ ಮೆಟ್ಟಿಲು ಸೇರಿತು. ಸ್ವಂತ ಇಷ್ಟದಿಂದ ಕೊಟ್ಟದ್ದೋ, ನಿಜವಾದದ್ದೋ ಅಂತ ಸ್ಪೀಕರಿಗೆ ಮನವರಿಕೆ ಆಗಬೇಕು. ಹಾಗಾಗಿ ಕೊಡುವುದಕ್ಕೂ ಒಪ್ಪುವುದಕ್ಕೂ ನಡುವೆ ಒಂದು ಅಂತರ ಇದೆ. ಆ ಅಂತರವನ್ನು ನನ್ನ ಸ್ಟಾಂಪ್ ಅಳಿಸಿಹಾಕಿತು.

ನಮ್ಮಲ್ಲಿ ಒಬ್ಬರು ವಕೀಲರಿದ್ದಾರೆ. ಅವರು ತಂದ ಉದಾಹರಣೆ ಇನ್ನೂ ಚೆನ್ನಾಗಿದೆ. ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ 1977ರ ಮೇ ತಿಂಗಳಲ್ಲಿ ರಾಜೀನಾಮೆ ಬರೆದರು, ಆಗಸ್ಟ್ 1ರಿಂದ ಅಂತ. ಜುಲೈನಲ್ಲಿ ವಾಪಸ್ ಪಡೆದರು. ನ್ಯಾಯಾಧೀಶರ ರಾಜೀನಾಮೆಯನ್ನು ಯಾರೂ ಅಂಗೀಕರಿಸಬೇಕಾಗಿಲ್ಲ, ಕೊಟ್ಟರೆ ಮುಗಿಯಿತು. ಆದರೂ ಹೇಳಿದ ದಿನ ಬರುವ ಮೊದಲು ವಾಪಸ್ ಪಡೆಯಬಹುದು ಅಂತ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ಮಂಗಳೂರಿನ ನನ್ನ ಪಕ್ಕದ ಮನೆಯವರು ಕ್ಯಾಥೊಲಿಕರು. ಅವರ ಲೆಕ್ಕ ಮತ್ತೂ ಬೇರೆ. ಪೋಪ್ ಬೆನೆಡಿಕ್ಟ್ 2013ರ ಫೆಬ್ರವರಿ 11ರಂದು ಹೇಳಿದರು, 28ರ ರಾತ್ರಿ 8 ಗಂಟೆಗೆ ಇಳಿದರು, ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ಆದರೆ ಸಾಮಾನ್ಯ ಧರ್ಮಕೇಂದ್ರದ ಗುರುಗಳು ಬಿಟ್ಟರೆ ಬಿಷಪ್ ಒಪ್ಪಲೇಬೇಕು, ಮೂರು ತಿಂಗಳಲ್ಲಿ ಒಪ್ಪದಿದ್ದರೆ ಆ ಪತ್ರಕ್ಕೆ ಬೆಲೆ ಇಲ್ಲ. ನಮಗೆ ಪೋಪೂ ಇಲ್ಲ, ಬಿಷಪ್ಪೂ ಇಲ್ಲ. ಇರುವುದು ಹದಿನಾಲ್ಕು ಪುಟದ ಬೈಲಾ, ನಮ್ಮದೇ ನಿಯಮಾವಳಿ.

ಆ ಬೈಲಾದಲ್ಲಿ ಇನ್ನೊಂದು ಮಜಾ ಇದೆ, ಸ್ಟಾಂಪಿಗಿಂತ ದೊಡ್ಡದು. ಸಾಲು ಹೀಗಿದೆ: ‘ಸಭಾಪಾಲಕರ ರಾಜೀನಾಮೆಯು ಸಭೆಯ ಒಪ್ಪಿಗೆ ದೊರೆತ ಮೇಲೆ ಜಾರಿಗೆ ಬರತಕ್ಕದ್ದು.’

ಯಾವ ಸಭೆ?

ಕ್ರೈಸ್ತ ಕನ್ನಡ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಸಭೆ ಅಂದರೆ ಸೇರಿದ ಜನ, ಇಡೀ ಕುಟುಂಬ. ಬೇರೆಯವರು ‘ಚರ್ಚ್’ ಅನ್ನುವ ಕಡೆ ನಾವು ‘ಸಭೆ’ ಅನ್ನುತ್ತೇವೆ. ಕಟ್ಟಡಕ್ಕೆ ದೇವಾಲಯ ಅಂತಲೋ ಚರ್ಚು ಅಂತಲೋ ಅಂದೇವು. ಕನ್ನಡ ಬೈಬಲಿನಲ್ಲೂ ಕೊರಿಂಥದ ಸಭೆ, ಎಫೆಸದ ಸಭೆ. ಸಭೆಯನ್ನು ಪಾಲಿಸುವವರು ಸಭಾಪಾಲಕರು. ಅದೇ ಬಾಯಲ್ಲಿ ಕಮಿಟಿ ಮೀಟಿಂಗಿಗೂ ಸಭೆ. ‘ಸಂಜೆ ಐದಕ್ಕೆ ಕಾರ್ಯಕಾರಿ ಸಭೆ ಇದೆ, ಬನ್ನಿ.’ ಈಗ ಕಮಿಟಿಯ ಒಂಬತ್ತು ಜನ ಹೇಳುತ್ತಾರೆ: ನಾವು ಸಭೆ ಸೇರಿದೆವು, ಐದು-ನಾಲ್ಕರಿಂದ ಒಪ್ಪಿದೆವು, ಸಭೆ ಒಪ್ಪಿದ ಹಾಗೆ ಆಯಿತು. ಹೆಂಗಸರ ಕಡೆಯಿಂದ ಒಬ್ಬರು ಎದ್ದು ಕೇಳಿದರು: ‘ನಾನು ಸಭೆ ಅಲ್ವಾ?’ ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ತಪ್ಪು ಕನ್ನಡದ್ದು ಮಾತ್ರ ಅಲ್ಲ ಅನ್ನಿ. ಗ್ರೀಕಿನ ಎಕ್ಲೇಸಿಯಾ ಕೂಡ ಮೊದಲು ಅಥೆನ್ಸಿನ ನಾಗರಿಕರು ಸೇರಿ ಕೈ ಎತ್ತುವ ಸಭೆ. ಆಮೇಲೆ ಕ್ರೈಸ್ತರ ಸಭೆ. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದ ಅಕ್ಕಸಾಲಿಗರ ಗಲಾಟೆ ಇದೆಯಲ್ಲ, ಆ ಗುಂಪಿಗೂ ಮೂಲದಲ್ಲಿ ಅದೇ ಪದ. ಒಬ್ಬ ಒಂದು ಕೂಗುತ್ತಾನೆ, ಇನ್ನೊಬ್ಬ ಇನ್ನೊಂದು, ತಾವು ಯಾಕೆ ಸೇರಿದ್ದೇವೆ ಅಂತಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹೋದ ಭಾನುವಾರ ನಮ್ಮ ಶಾಲೆಯ ಹಾಲಿಗೆ ಬಂದಿದ್ದರೆ ನಿಮಗೆ ವ್ಯಾಖ್ಯಾನವೇ ಬೇಕಾಗುತ್ತಿರಲಿಲ್ಲ.

ಆ ದಿನದ್ದೇ ಇನ್ನೊಂದು ಪ್ರಸಂಗ. ಅಮೆರಿಕದಲ್ಲಿ ಓದಿ ಬಂದ ಹುಡುಗನೊಬ್ಬ ಎದ್ದು, ‘ಇದನ್ನು ಟೇಬಲ್ ಮಾಡೋಣ’ ಅಂದ. ಮಂತ್ರಾಲಯದಲ್ಲಿ, ಅಂದರೆ ಇಲ್ಲಿನ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ, ಕೆಲಸ ಮಾಡಿ ನಿವೃತ್ತರಾದ ಹಿರಿಯರು, ‘ಹೌದು, ಈಗಲೇ ಟೇಬಲ್ ಮಾಡಿ’ ಅಂದರು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ ಅಂದುಕೊಂಡು ಹತ್ತು ನಿಮಿಷ ಜಗಳ ಆಡಿದರು. ಹುಡುಗನ ಅರ್ಥ ಪಕ್ಕಕ್ಕಿಡೋಣ, ಆಮೇಲೆ ನೋಡೋಣ. ಹಿರಿಯರ ಅರ್ಥ ಮಂಡಿಸಿ. ಅಮೆರಿಕದವರು ಒಂದು, ಬ್ರಿಟಿಷರು ತದ್ವಿರುದ್ಧ ಇನ್ನೊಂದು. ಹುಡುಗ ಹಿಡಿದುಕೊಂಡು ಬಂದಿದ್ದು ರಾಬರ್ಟ್ಸ್ ರೂಲ್ಸ್, ಮೀಟಿಂಗ್ ನಡೆಸುವ ನಿಯಮಗಳ ಅಮೆರಿಕದ ಪುಸ್ತಕ. ಅದನ್ನು 1876ರಲ್ಲಿ ಬರೆದ ಹೆನ್ರಿ ರಾಬರ್ಟ್ ಸೈನ್ಯದ ಇಂಜಿನಿಯರ್. 1863ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ಒಂದು ಚರ್ಚ್ ಮೀಟಿಂಗಿಗೆ ಅಧ್ಯಕ್ಷನಾಗಿ ಕೂತು, ಸಂಭಾಳಿಸಲಾಗದೆ ಪೇಚಾಡಿದವನು. ಅಂದರೆ ಆ ನಿಯಮಗಳು ಹುಟ್ಟಿದ್ದೇ ನಮ್ಮಂಥವರಿಂದ! ಅದರ ಪ್ರಕಾರ ರಾಜೀನಾಮೆ ಅನ್ನುವುದು ಒಂದು ಕೋರಿಕೆ, ಕೆಲಸದಿಂದ ಬಿಡುಗಡೆ ಕೊಡಿ ಅಂತ. ಅಧ್ಯಕ್ಷರು ಅದನ್ನು ಸೇರಿದವರ ಮುಂದೆ ಇಡುವ ತನಕ ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಆದರೆ ನಮ್ಮ ಬೈಲಾದಲ್ಲಿ ಸಭಾಪಾಲಕರೇ ಎಲ್ಲ ಸಭೆಗಳ ಸಭಾಪತಿ. ತಮ್ಮ ರಾಜೀನಾಮೆಯನ್ನು ತಾವೇ ಮುಂದಿಡಬೇಕಾ? ಬಿಡಿ, ಅದು ಪದಚರ್ಚೆ ಅಲ್ಲ.

ಕೋರಂ ಇಲ್ಲ, ಅಂದರೆ ಬೇಕಾದಷ್ಟು ಜನ ಸೇರಿಲ್ಲ ಅಂತ ಆ ದಿನದ ಸಭೆ ನಿಂತಿತು. ಹೌಸಿಂಗ್ ಸೊಸೈಟಿ ಮೀಟಿಂಗ್ ಅಭ್ಯಾಸ ಇದ್ದವರು ‘ಅರ್ಧ ಗಂಟೆ ಬಿಟ್ಟು ಕೋರಂ ಬೇಕಾಗಿಲ್ಲ’ ಅಂದರು. ಅದು ಸೊಸೈಟಿಯ ಬೈಲಾ, ನಮ್ಮದಲ್ಲ. ನಾನು ನಡವಳಿಯಲ್ಲಿ ‘ಮುಂದೂಡಲಾಯಿತು’ ಅಂತ ಬರೆದೆ. ಅದಕ್ಕೂ ತಕರಾರು. ಶುರುವಾಗಿ ನಿಂತದ್ದೋ, ಶುರುವೇ ಆಗದೆ ಮುಂದಕ್ಕೆ ಹೋದದ್ದೋ? ಮರಾಠಿಯಲ್ಲಿ ಶುರುವಾಗಿ ನಿಂತರೆ ‘ತಹಕೂಬ್’, ದಿನವೇ ಬದಲಾದರೆ ‘ಪುಢೇ ಢಕಲಲೀ’. ನಮಗೆ ಎರಡಕ್ಕೂ ಮುಂದೂಡು ಒಂದೇ. ಧಾರವಾಡದ ಕಡೆ ಹಳಬರು ತಹಕೂಬ ಅನ್ನುವುದನ್ನು ಕೇಳಿದ್ದೇನೆ. ಈಗಲೂ ಯಾರಾದರೂ ಬರೆಯುತ್ತೀರಾ?

ಇನ್ನು ‘ರಾಜೀನಾಮೆ’. ಬೀದರಿನ ನಮ್ಮ ಹಿರಿಯರೊಬ್ಬರಿಗೆ ತೊಂಬತ್ತರ ಹತ್ತಿರ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ಕಿವಿ ಸ್ವಲ್ಪ ಮಂದ. ಅಯ್ಯನವರು (ನಮ್ಮ ಪಾಲಕರು) ರಾಜೀನಾಮೆ ಕೊಟ್ಟರು ಅಂತ ಯಾರೋ ಜೋರಾಗಿ ಹೇಳಿದ್ದಕ್ಕೆ ಅವರ ಮುಖ ಅರಳಿತು. ‘ಒಳ್ಳೇದಾಯ್ತು, ಯಾರ ಜೊತಿ ರಾಜಿ ಆದ್ರು?’ ಅಂದರು. ನಾವೆಲ್ಲ ನಕ್ಕೆವು. ಆದರೆ ತಪ್ಪು ಅವರದ್ದಲ್ಲ. ರಾಜಿ ಅಂದರೆ ಒಪ್ಪಿಗೆ, ನಾಮಾ ಅಂದರೆ ಬರಹ. ಉರ್ದು, ಹಿಂದಿಯಲ್ಲಿ ಇವತ್ತಿಗೂ ರಾಜೀನಾಮಾ ಅಂದರೆ ಎರಡು ಕಡೆಯವರು ಒಪ್ಪಿ ಬರೆದುಕೊಂಡ ಪತ್ರ. ಕೆಲಸ ಬಿಡುವುದಕ್ಕೆ ಇಸ್ತೀಫಾ. ಮರಾಠಿ, ಕನ್ನಡ, ತೆಲುಗಿನಂಥ ಭಾಷೆಗಳಲ್ಲಿ ಅದು ಕೆಲಸ ಬಿಡುವ ಪತ್ರ ಆಯಿತು. ನನಗೆ ಅನ್ನಿಸುವುದು, ಇದಕ್ಕೆ ಹಳೆಯ ಮುಂಬಯಿ ಪ್ರಾಂತದ ಕಂದಾಯ ಕಚೇರಿಯ ಕೈ ಇರಬಹುದು. ಅಲ್ಲಿ ರೈತ ತನ್ನ ಜಮೀನು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಡುವುದು ರಾಜೀನಾಮೆ. ಅದನ್ನು ವಹಿಸಿಕೊಳ್ಳುವವನು ಬರೆದುಕೊಡುವುದು ಕಬೂಲಾಯತ್. ಎರಡೂ ಜೋಡಿಯಾಗಿ ಹೋಗುತ್ತಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ 1956ರ ತನಕ ಮುಂಬಯಿಯ ಕೆಳಗೇ ಇದ್ದವು. ಜಮೀನು ಬಿಡುವ ಮಾತು ನೌಕರಿ ಬಿಡುವ ಮಾತಾಗಲು ಎಷ್ಟು ಹೊತ್ತು? ಹಳೇ ಮೈಸೂರಿನ ಕಡೆಯವರು ಹೇಳಿ, ನಿಮ್ಮ ಅಜ್ಜಂದಿರು ರಾಜೀನಾಮೆ ಅಂತಲೇ ಅನ್ನುತ್ತಿದ್ದರಾ?

ಸರಿ, ಈಗ ಕೆಲಸದ ಮಾತು. ಪಾಲಕರು ನಮ್ಮ ಟ್ರಸ್ಟಿನ ಟ್ರಸ್ಟಿಯೂ ಹೌದು. ಅವರು ಹೋದರೆ ಟ್ರಸ್ಟುಗಳನ್ನು ನೋಡಿಕೊಳ್ಳುವ ವರಳಿಯ ಚಾರಿಟಿ ಕಮಿಷನರ್ ಕಚೇರಿಗೆ 90 ದಿನದೊಳಗೆ ಬದಲಾವಣೆಯ ವರದಿ ಕೊಡಬೇಕು. ಯಾವ ದಿನದಿಂದ 90 ಎಣಿಸುವುದು? ಮತ್ತೆ ಅದೇ ಸ್ಟಾಂಪಿಗೆ ಬಂದು ನಿಲ್ಲುತ್ತೇವೆ. ಮರಾಠಿ ಕಚೇರಿಯಲ್ಲಿ ಕಾಗದ ಬಂದರೆ ‘ಆವಕ್’, ಬಂದದ್ದಕ್ಕೆ ಗುರುತು ‘ಪೋಚ್’, ಒಪ್ಪಿದರೆ ‘ಮಂಜೂರ್’. ಕಲಸುಮೇಲೋಗರವೇ ಇಲ್ಲ. ಕನ್ನಡದಲ್ಲೂ ರಜೆ ‘ಮಂಜೂರು’ ಆಗುತ್ತದೆ, ಸಾಲ ‘ಮಂಜೂರು’ ಆಗುತ್ತದೆ. ಹಾಗಾದರೆ ರಾಜೀನಾಮೆಯೂ ಮಂಜೂರಾಗಲಿ. ಅಂಗೀಕಾರ ನಮ್ಮ ಹಾಲಿಗೆ ಸ್ವಲ್ಪ ಭಾರ ಅನ್ನಿಸುತ್ತದೆ, ವಿಧಾನಸೌಧದ ವಾಸನೆ ಬರುತ್ತದೆ.

ಬೈಲಾಕ್ಕೆ ನನ್ನ ತಿದ್ದುಪಡಿ ಹೀಗೆ: ‘ಸಭೆ’ಯನ್ನು ಜನರಿಗೇ ಬಿಡುವುದು. ಕಮಿಟಿ ಸೇರಿದರೆ ‘ಕಮಿಟಿಯ ಬೈಠಕ್’. ಎಲ್ಲರೂ ಸೇರಿದರೆ ‘ಮಹಾಸಭೆ’. ಮುಂಬಯಿಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಬಳಸುವ ಪದ, ಎಲ್ಲರಿಗೂ ಗೊತ್ತು. ‘ಕೂಟ’ ಅಂತ ಇಡೋಣ ಅಂದರೆ ಅದನ್ನು ಪ್ರಾರ್ಥನೆ ಆಗಲೇ ಹಿಡಿದುಕೊಂಡಿದೆ. ಬೈಠಕ್ ಮರಾಠಿ ಅಂತ ಮಂಗಳೂರಿನವರು ಮೂಗು ಮುರಿಯುತ್ತಿದ್ದಾರೆ. ಅವರಿಗೆ ‘ಮೀಟಿಂಗ್’ ನಡೆಯುತ್ತದಂತೆ, ಅದೇನು ತುಳುವಾ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ಕೊಡಿ.

ಸ್ಟಾಂಪ್ ಮಾತ್ರ ಅರ್ಜೆಂಟು. ಶನಿವಾರ ದಾದರಿಗೆ ಹೋಗಿ ಆರ್ಡರ್ ಕೊಡಬೇಕು. ಹುಬ್ಬಳ್ಳಿಯವರು ‘ಮುಟ್ಟಿದೆ’ ಅಂತ ಹಾಕಿಸಿ ಅನ್ನುತ್ತಾರೆ, ಪತ್ರ ಮುಟ್ಟಿತು ಅನ್ನುವ ಹಾಗೆ. ನನಗೆ ‘ತಲುಪಿದೆ’ ಇಷ್ಟ. ಹೋದ ಸಲ ಅಂಗಡಿಯವನಿಗೆ ಕನ್ನಡ ಬಾರದೆ ‘ಸೀಕರಿಸಲಾಗಿದೆ’ ಅಂತ ಕೆತ್ತಿಕೊಟ್ಟು, ನಾನು ಎರಡನೇ ಸಲ ಓಡಾಡಿದ್ದೆ. ‘ತಲುಪಿದೆ’ಯಲ್ಲಿ ಒತ್ತಕ್ಷರ ಇಲ್ಲ. ಬೇರೆ ಪದ ಸೂಚಿಸುವವರು ದಯವಿಟ್ಟು ಶುಕ್ರವಾರ ರಾತ್ರಿಯೊಳಗೆ ತಿಳಿಸಿ. ಒಂದೇ ಸಾಲಿನ ಜಾಗ ಇದೆ, ಕೆಳಗೆ ತಾರೀಖು ಬರಬೇಕು.